ಊರಿನ ಹೆಸರಿಗಾಗಿ ಆಡುವವರು

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಕೊಯ್ಲು ಮುಗಿದು, ಕಾಫಿ ಕಣದಿಂದ ಮೇಲೆದ್ದ ಮೇಲೆ ಮುಂಗಾರಿನ ಮೊದಲ ಹನಿ ಬೀಳುವವರೆಗಿನ ದಿನಗಳು ಆಟದ ದಿನಗಳು. ವಾಲಿಬಾಲ್, ಕ್ರಿಕೆಟ್, ಕಬಡ್ಡಿಗಳಿಗಾಗಿ ಮೈದಾನಗಳು ಎಚ್ಚರಗೊಳ್ಳುತ್ತವೆ. ಅಲ್ಲಿ ಆಡುವವರು ಶಾಲಾ ಬಾಲಕರಷ್ಟೇ ಅಲ್ಲ. ತೋಟ ನೋಡಿಕೊಳ್ಳುವವರು, ಆಟೋ ಓಡಿಸುವವರು, ಮಕ್ಕಳೊಂದಿಗರು ಕೂಡ ಸಂಜೆಯ ಹೊತ್ತು ಪಂಚೆ ಬಿಚ್ಚಿಟ್ಟು ಚಡ್ಡಿ ತೊಟ್ಟು ಕಣಕ್ಕಿಳಿಯುತ್ತಾರೆ. ವಯಸ್ಕರ ಈ ಆಟವನ್ನು ಹೊತ್ತು ಕಳೆಯುವ ಹವ್ಯಾಸವೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಆದರೆ ಇದರ ಹಿಂದೆ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ.

ಪಂದ್ಯಾವಳಿಯ ನಗದು ಬಹುಮಾನ ದೊಡ್ಡದಾದಂತೆ ಹೊರಗಿನಿಂದ ಹಣ ಕೊಟ್ಟು ಆಟಗಾರರನ್ನು ಕರೆತರುವ ಆಸೆಯೂ ಬೆಳೆಯುತ್ತದೆ. ಆಗ ಅಂಗಿಯ ಮೇಲೆ ಊರಿನ ಹೆಸರಿರುತ್ತದೆ, ಅಂಗಿಯೊಳಗೆ ಊರಿನವನಿರುವುದಿಲ್ಲ. ಊರಿನ ಹುಡುಗ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾನೆ. ಹಾಗಾದರೆ ಆ ತಂಡ ಯಾರದು?

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದವರು ಅಮೆರಿಕದ ಮಿನ್ನೆಸೋಟ ರಾಜ್ಯದ ಹಳ್ಳಿಗರು. ಅವರ ಆಟ ಬೇಸ್‌ಬಾಲ್. ತಂಡಕ್ಕೆ ಒಂಬತ್ತು ಜನ, ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ನಮಗೆ ಮಳೆ ಹೇಗೋ ಅವರಿಗೆ ಹಿಮ ಹಾಗೆ. ಆದ್ದರಿಂದ ಬೇಸಿಗೆಯ ನಾಲ್ಕು ತಿಂಗಳಲ್ಲೇ ಆಟವೆಲ್ಲ ಮುಗಿಯಬೇಕು. ಊರೂರಿನ ವಯಸ್ಕರ ಹವ್ಯಾಸಿ ತಂಡಗಳಿಗಾಗಿ ಅಲ್ಲಿ 1924ರಲ್ಲಿ ರಾಜ್ಯಮಟ್ಟದ ಪಂದ್ಯಾವಳಿ ಆರಂಭವಾಯಿತು. 1950ರ ವೇಳೆಗೆ ತಂಡಗಳ ಸಂಖ್ಯೆ ಸುಮಾರು 800ಕ್ಕೆ ಏರಿತ್ತು.

ಅನಂತರ ಇಳಿತ ಕಂಡಿತು. ದೂರದರ್ಶನ ಮನೆಮನೆಗೆ ಬಂದದ್ದು ಒಂದು ಕಾರಣ. 1961ರಲ್ಲಿ ವೃತ್ತಿಪರ ತಂಡವೊಂದು ಆ ರಾಜ್ಯಕ್ಕೆ ಬಂದು ನೆಲೆಸಿದ್ದು ಇನ್ನೊಂದು. ಇವೆರಡಕ್ಕೂ ಮೊದಲೇ ದೊಡ್ಡ ಪಟ್ಟಣಗಳ ತಂಡಗಳು ಹೊರಗಿನವರನ್ನು ಸಂಬಳಕ್ಕೆ ತಂದು ಪರಸ್ಪರ ಪೈಪೋಟಿಗಿಳಿದಿದ್ದವು. ಆ ವೆಚ್ಚವನ್ನು ಹೊರಲಾರದೆ ಅಂಥ ತಂಡಗಳು ಮುಳುಗಿದವು. ಸಂಬಳವಿಲ್ಲದೆ ತಮ್ಮವರನ್ನೇ ಆಡಿಸಿದ ಸಣ್ಣ ಊರುಗಳ ಆಟ ಇಂದಿಗೂ ಉಳಿದು ಬಂದಿದೆ.

ಹಾಗೆ ಉಳಿದ ಪ್ರದೇಶಗಳಲ್ಲಿ ಸ್ಟರ್ನ್ಸ್ ಕೌಂಟಿಯ ಹೆಸರು ನಮ್ಮ ಕುಟುಂಬಗಳಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು. 1850ರ ದಶಕದಲ್ಲಿ ಫಾದರ್ ಫ್ರಾನ್ಸಿಸ್ ಪಿಯರ್ಜ್ ಎಂಬ ಧರ್ಮಪ್ರಚಾರಕರು ಜರ್ಮನ್ ಭಾಷೆಯ ಪತ್ರಿಕೆಗೆ ಬರೆದು, ಕಥೋಲಿಕ ರೈತರನ್ನು ಅಲ್ಲಿಗೆ ಆಹ್ವಾನಿಸಿದರು. ಬಂದವರು ಕಾಡು ಕಡಿದು ಹೊಲ ಮಾಡಿದರು, ದೇವಾಲಯ ಕಟ್ಟಿದರು. ಅವರ ಮುಂದಿನ ತಲೆಮಾರಿನವರು ಚೆಂಡಾಟದ ಮೈದಾನವನ್ನೂ ಮಾಡಿಕೊಂಡರು. ಕೆಲವೇ ನೂರು ಜನರಿರುವ ಊರುಗಳಿಗೂ ಅಲ್ಲಿ ಸ್ವಂತ ತಂಡವಿದೆ. ಬೆಳಿಗ್ಗೆ ಬಲಿಪೂಜೆ, ಮಧ್ಯಾಹ್ನ ಪಂದ್ಯ ಎಂಬುದು ಅಲ್ಲಿನ ಭಾನುವಾರದ ಹಳೆಯ ಕ್ರಮ. ತಂದೆ ಆಡಿದ ಜಾಗದಲ್ಲೇ ಮಗ ನಿಂತು ಆಡುವುದು ಅಲ್ಲಿ ಅಪರೂಪವಲ್ಲ.

ಅಷ್ಟು ದೂರ ಹೋಗುವುದೇಕೆ, ನಮ್ಮ ನೆರೆಯ ಕೊಡಗಿನಲ್ಲೇ ಇನ್ನೂ ಸೊಗಸಾದ ನಿದರ್ಶನವಿದೆ. 1997ರಲ್ಲಿ ವಿರಾಜಪೇಟೆ ಸಮೀಪದ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಉದ್ಯೋಗವನ್ನರಸಿ ಚದುರಿಹೋದ ಒಕ್ಕದವರು ಒಂದೆಡೆ ಸೇರಬೇಕೆಂಬುದು ಅವರ ಆಶಯವಾಗಿತ್ತು. ಮೊದಲ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಇಲ್ಲಿ ಹಣ ಕೊಟ್ಟು ಆಟಗಾರನನ್ನು ತರಲು ಬರುವುದಿಲ್ಲ. ಆಡುವವನು ಆ ಕುಟುಂಬದವನೇ ಆಗಿರಬೇಕು. ಭಾರತ ತಂಡದಲ್ಲಿ ಆಡಿದವನ ಪಕ್ಕದಲ್ಲಿ ಅವನ ಚಿಕ್ಕಪ್ಪ, ಅತ್ತಿಗೆ, ಶಾಲೆಗೆ ಹೋಗುವ ತಂಗಿ ನಿಂತಿರುವುದುಂಟು. ಪ್ರತಿ ವರ್ಷ ಬೇರೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ ಇರುತ್ತದೆ. 2020ರ ಮೇ ತಿಂಗಳಿನಲ್ಲಿ ಕುಟ್ಟಪ್ಪನವರು ತೀರಿಕೊಂಡರು. ಕೊರೊನಾದ ವರ್ಷಗಳಲ್ಲಿ ನಿಂತಿದ್ದ ಪಂದ್ಯಾವಳಿ 2023ರಲ್ಲಿ ಮತ್ತೆ ನಡೆಯಿತು. ಒಬ್ಬರ ಹಣವನ್ನೋ ಒಬ್ಬರ ಹೆಸರನ್ನೋ ನೆಚ್ಚಿಕೊಳ್ಳದೆ ಕುಟುಂಬಗಳ ಮೇಲೆ ನಿಂತದ್ದರಿಂದಲೇ ಅದು ಉಳಿಯಿತೆಂದು ನಾವು ಭಾವಿಸುತ್ತೇವೆ.

ನಮ್ಮ ಮೂರು ತಾಲ್ಲೂಕುಗಳ ಸ್ಥಿತಿಯನ್ನು ಇದರೊಂದಿಗೆ ಹೋಲಿಸೋಣ. ಇಲ್ಲಿ ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಮನೆಮಾತಿನ ಕುಟುಂಬಗಳಿವೆ, ಕೇರಳದಿಂದ ಬಂದು ಭೂಮಿ ಹಸನು ಮಾಡಿದ ಮಲಯಾಳಂ ಮನೆಮಾತಿನ ಕುಟುಂಬಗಳೂ ಇವೆ. 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮತ್ತು 2007ರಲ್ಲಿ ಸಿರೋ ಮಲಬಾರ್ ಸಭೆಗಾಗಿ ರಚನೆಯಾದ ಭದ್ರಾವತಿ ಧರ್ಮಪ್ರಾಂತ್ಯ, ಇವೆರಡಕ್ಕೂ ಸೇರಿದವರು ಅಕ್ಕಪಕ್ಕದಲ್ಲೇ ಬಾಳುತ್ತಿದ್ದಾರೆ. ಪೂಜಾವಿಧಿ ಬೇರೆಯಾದುದರಿಂದ ಭಾನುವಾರ ಒಬ್ಬರು ಇನ್ನೊಬ್ಬರ ಮುಖ ಕಾಣುವುದೂ ಕಡಿಮೆ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದ ಮನೆಗಳಲ್ಲಿ ವೃದ್ಧ ತಂದೆತಾಯಿಗಳಷ್ಟೇ ಉಳಿದಿದ್ದಾರೆ. ಹಬ್ಬಕ್ಕೆ ಬಂದ ಮಗ ಎರಡು ದಿನ ಮೊಬೈಲ್ ಹಿಡಿದು ಕುಳಿತು ಬಸ್ಸು ಹತ್ತುತ್ತಾನೆ.

ಪಾಸ್ಖ ಹಬ್ಬದ ನಂತರದ ವಾರ, ತೋಟದ ಕೆಲಸ ಹಗುರವಾಗಿರುವಾಗ, ಈ ಕುಟುಂಬಗಳು ಒಂದು ಮೈದಾನದಲ್ಲಿ ಸೇರಲಾರವೇ? ಆಟ ವಾಲಿಬಾಲ್ ಆದರೂ ಸರಿ, ಹಗ್ಗಜಗ್ಗಾಟವಾದರೂ ಸರಿ. ನಿಯಮ ಮಾತ್ರ ಎರಡೇ ಇರಲಿ: ಆಡುವವರು ಆ ಮನೆತನದವರೇ ಆಗಿರಬೇಕು, ಬಹುಮಾನದಲ್ಲಿ ನಗದು ಇರಬಾರದು. ಜಾತಿ, ಮತ ನೋಡದೆ ನೆರೆಮನೆಯವರನ್ನೂ ಕರೆಯೋಣ, ಏಕೆಂದರೆ ಊರೆಂಬುದು ನಮ್ಮೊಬ್ಬರದಲ್ಲ.

ಸೋತವರೂ ಗೆದ್ದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದಾದರೆ, ದೂರದಲ್ಲಿರುವ ಮಗ ಮುಂದಿನ ವರ್ಷದ ರಜೆಯನ್ನು ಈಗಲೇ ಗೊತ್ತು ಮಾಡಿಕೊಂಡಾನು. ಖಾಲಿಯಾಗುತ್ತಿರುವ ನಮ್ಮ ಮನೆಗಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲ.