ಮನೆಗೆ ಬಣ್ಣವೆಷ್ಟು ಬೇಕು? ಗೃಹಸ್ಥರಿಗೊಂದು ಲೆಕ್ಕ

ಶಿವರಾತ್ರಿಯು ಸಮೀಪಿಸುತ್ತಿದ್ದಂತೆಯೇ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ಸುಣ್ಣ-ಬಣ್ಣದ ಮಾತು ಆರಂಭವಾಗುತ್ತದೆ. ಸಿದ್ಧಗಂಗೆಯ ಜಾತ್ರೆಗೆ ನೆಂಟರಿಷ್ಟರು ಬರುವರು. ಅದರ ಬೆನ್ನಿಗೇ ಯುಗಾದಿ, ಅನಂತರ ಮದುವೆಯ ದಿನಗಳು. ಗೋಡೆಗೆ ಯಾವ ಬಣ್ಣವೆಂಬುದನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸುವುದುಂಟು. ಎಷ್ಟು ಬಣ್ಣವೆಂಬುದನ್ನು ಮಾತ್ರ ಅಂದಾಜಿಗೆ ಬಿಟ್ಟುಬಿಡುತ್ತಾರೆ. ಅಂದಾಜು ಹೆಚ್ಚಾದರೆ ಡಬ್ಬಿಗಳು ಅಟ್ಟದ ಮೇಲೆ ಒಣಗಿ ಹಾಳಾಗುತ್ತವೆ. ಕಡಮೆಯಾದರೆ ಕೆಲಸ ನಿಂತು ಕೂಲಿ ವ್ಯರ್ಥವಾಗುತ್ತದೆ, ಮತ್ತೆ ತಂದ ಬಣ್ಣ ಹಳೆಯದರೊಡನೆ ಹೊಂದದೆಯೂ ಹೋಗಬಹುದು. ಮಿತ ಆದಾಯದ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ. ಬಣ್ಣ ಬಳಿಯುವವರನ್ನು ದೂರುವುದೂ ಸಲ್ಲದು. ಅಳತೆಯಿಲ್ಲದೆ ಕೇಳಿದರೆ ಕೆಲಸ ನಿಲ್ಲಬಾರದೆಂದು ಅವರು ತುಸು ಹೆಚ್ಚಾಗಿಯೇ ಹೇಳುವುದು ಸಹಜ.

ನೆಲದ ಚದರ ಬೇರೆ, ಗೋಡೆಯ ಚದರ ಬೇರೆ

ಹಿಂದಿನವರು ಕಂಬಗಳ ನಡುವಣ ಅಂಕಣದಿಂದ ಮನೆಯನ್ನು ಅಳೆಯುತ್ತಿದ್ದರು. ಈಗ ನಾವು ಚದರದಿಂದ ಅಳೆಯುತ್ತೇವೆ. ಒಂದು ಚದರವೆಂದರೆ ನೂರು ಚದರ ಅಡಿ. ಇವೆರಡೂ ನೆಲದ ಅಳತೆಗಳು. ಬಣ್ಣವನ್ನು ಬಯಸುವುದು ಗೋಡೆ. ನಮ್ಮ ಅಂದಾಜುಗಳು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಉದಾಹರಣೆಗೆ ಒಂದು ಚಿಕ್ಕ ಮನೆಯನ್ನು ತೆಗೆದುಕೊಳ್ಳೋಣ. ನಡುಮನೆ 15 ಅಡಿಗೆ 12, ಕೋಣೆ 12ಕ್ಕೆ 10, ಅಡುಗೆಮನೆ 10ಕ್ಕೆ 8, ಎತ್ತರ ಎಲ್ಲೆಡೆಯೂ 10 ಅಡಿ. ನೆಲದ ವಿಸ್ತೀರ್ಣ 380 ಚದರ ಅಡಿ. ಈಗ ಒಂದೊಂದು ಕೋಣೆಯ ನಾಲ್ಕು ಬದಿಗಳನ್ನೂ ಕೂಡಿಸಿ ಎತ್ತರದಿಂದ ಗುಣಿಸಬೇಕು. ನಡುಮನೆಗೆ 540, ಕೋಣೆಗೆ 440, ಅಡುಗೆಮನೆಗೆ 360, ಒಟ್ಟು 1,340. ಇದರಲ್ಲಿ ಬಾಗಿಲು ಕಿಟಕಿಗಳನ್ನು ಕಳೆಯತಕ್ಕದ್ದು. ಒಳಬಾಗಿಲು ಎರಡು ಕೋಣೆಗಳ ಗೋಡೆಯಲ್ಲಿಯೂ ಬರುವುದರಿಂದ ಎರಡು ಬಾರಿ ಕಳೆಯಬೇಕು. ತಲೆಬಾಗಿಲು, ಹಿತ್ತಲ ಬಾಗಿಲು, ಎರಡು ಒಳಬಾಗಿಲುಗಳು ಸೇರಿ ಆರು ಮುಖಗಳು. ಮುಖವೊಂದಕ್ಕೆ 21 ಚದರ ಅಡಿಯಂತೆ 126. ನಾಲ್ಕಕ್ಕೆ ಮೂರಡಿಯ ನಾಲ್ಕು ಕಿಟಕಿಗಳಿಗೆ 48. ಉಳಿದದ್ದು 1,166. ಚಾವಣಿಯ 380ನ್ನು ಸೇರಿಸಿದರೆ 1,546 ಚದರ ಅಡಿ, ಎಂದರೆ ನೆಲದ ನಾಲ್ಕರಷ್ಟು. ಕೋಣೆಗಳು ಚಿಕ್ಕವಾದಷ್ಟೂ ನೆಲಕ್ಕೆ ಹೋಲಿಸಿದರೆ ಗೋಡೆ ಹೆಚ್ಚುತ್ತದೆಂಬುದನ್ನೂ ಗಮನಿಸಬೇಕು.

ಹಂಚಿನ ಮನೆಯಾದರೆ ಪಕ್ಕದ ಗೋಡೆಯ ಮೇಲ್ಭಾಗ ತ್ರಿಕೋನವಾಗಿರುತ್ತದೆ. ಅದರ ಅಗಲವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ ಸಾಕು. ಅಗಲ 16, ಎತ್ತರ 6 ಅಡಿಯಾದರೆ 48 ಚದರ ಅಡಿ.

ಒಂದು ಲೀಟರು ಎಷ್ಟು ಗೋಡೆಗೆ ಸಾಲುವುದೆಂಬುದನ್ನು ತಯಾರಕರು ಡಬ್ಬಿಯ ಮೇಲೆ ಅಥವಾ ತಮ್ಮ ವಿವರಪತ್ರಿಕೆಯಲ್ಲಿ ತಿಳಿಸಿರುತ್ತಾರೆ. ಅದು ಒಂದು ಕೋಟಿಗೋ ಎರಡು ಕೋಟಿಗೋ ಎಂಬುದನ್ನು ತಪ್ಪದೆ ನೋಡಿರಿ. ಎರಡು ಕೋಟಿಗೆ ಲೀಟರಿಗೆ 100 ಚದರ ಅಡಿ ಎಂದಿಟ್ಟುಕೊಂಡರೆ, ಮೇಲಿನ ಗೋಡೆಗಳಿಗೆ 12 ಲೀಟರಿಗೆ ತುಸು ಕಡಮೆ ಬೇಕು. ಸೋರಿಕೆಗೂ ಮುಂದಿನ ತೇಪೆಗೂ ಹತ್ತರಲ್ಲೊಂದು ಪಾಲು ಸೇರಿಸಿದರೆ 13 ಲೀಟರು. 10 ಲೀಟರಿನದೊಂದು, 1 ಲೀಟರಿನವು ಮೂರು ಡಬ್ಬಿಗಳು ಸಾಕು. 20 ಲೀಟರಿನದನ್ನು ತರುವ ಅಗತ್ಯವಿಲ್ಲ. ಅಂಗಡಿಯ ಯಂತ್ರದಲ್ಲಿ ಬೆರೆಸಿದ ಬಣ್ಣವನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲವಾದ್ದರಿಂದ ಈ ಲೆಕ್ಕ ಮೊದಲೇ ಆಗಬೇಕು. ಎಲ್ಲ ಡಬ್ಬಿಗಳನ್ನೂ ಒಂದೇ ಸಲ ತಂದು, ಒಂದು ಗೋಡೆಗೆ ಬಳಸುವುದನ್ನೆಲ್ಲ ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಂಡರೆ ಛಾಯೆಯಲ್ಲಿ ಭೇದ ಕಾಣದು.

ಬೆಟ್ಟದ ಸೀಮೆಯ ಗೋಡೆಗಳು

ಡಬ್ಬಿಯ ಲೆಕ್ಕ ನುಣುಪಾದ ಗೋಡೆಗೆ ಹೇಳಿದ್ದು. ಒರಟು ಗಾರೆಯ ಹೊರಗೋಡೆಗೆ, ಪ್ರೈಮರು ಕಾಣದ ಹೊಸ ಗೋಡೆಗೆ ಬಹಳ ಹೆಚ್ಚು ಬಣ್ಣ ಹಿಡಿಯುತ್ತದೆ. ದೇವರಾಯನದುರ್ಗವು ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿದ್ದು, ಅಲ್ಲಿ ಮಂಜು ಗಾಳಿಗಳ ಹಾವಳಿ ಬಯಲಿಗಿಂತ ಹೆಚ್ಚು. ಈ ಸೀಮೆಗೆ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದುದರಿಂದ ದೀಪಾವಳಿಯ ಅವಸರದಲ್ಲಿ ತೇವದ ಹೊರಗೋಡೆಗೆ ಬಣ್ಣ ಬಳಿದರೆ ಅದು ಬೇಗನೆ ಹಪ್ಪಳದಂತೆ ಏಳುತ್ತದೆ. ಗೋಡೆ ಚೆನ್ನಾಗಿ ಒಣಗಿ, ಪಾಚಿಯನ್ನು ಉಜ್ಜಿ ತೆಗೆದ ಮೇಲೆ, ಶಿವರಾತ್ರಿಗೆ ಮುಂಚಿನ ಒಣ ದಿನಗಳಲ್ಲಿ ಹೊರಗೋಡೆಯ ಕೆಲಸ ಮಾಡಿಸುವುದು ಲೇಸು.

ತಪ್ಪಲಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಹಳೆಯ ಮನೆಗಳು ಇಂದಿಗೂ ಉಂಟು. ಅವುಗಳಿಗೆ ಹೊಳಪಿನ ಬಣ್ಣ ತಕ್ಕುದಲ್ಲ. ಗೋಡೆಯ ತೇವ ಹೊರಬರಲಾರದೆ ಒಳಗೇ ನಿಂತು ಗೋಡೆಯನ್ನು ಸಡಿಲಗೊಳಿಸುತ್ತದೆ. ಸುಣ್ಣವು ತೇವವನ್ನು ತಡೆಹಿಡಿಯದು, ಬೆಲೆಯೂ ಕಡಮೆ. ಸುಣ್ಣಕ್ಕಾಗಲಿ ಒರಟು ಗೋಡೆಗಾಗಲಿ ಸುಲಭವಾದ ಉಪಾಯವೊಂದುಂಟು. ಹತ್ತಡಿಗೆ ಹತ್ತಡಿ, ಎಂದರೆ ಒಂದು ಚದರವನ್ನು ಗೋಡೆಯಲ್ಲಿ ಗುರುತಿಸಿ, ಅಳೆದು ತೆಗೆದುಕೊಂಡು ಬಳಿಯಿರಿ. ಅಲ್ಲಿ ಖರ್ಚಾದುದನ್ನು ಒಟ್ಟು ಚದರಗಳಿಂದ ಗುಣಿಸಿದರೆ ನಿಮ್ಮದೇ ಗೋಡೆಯ ಲೆಕ್ಕ ದೊರೆಯುತ್ತದೆ. ಸುಣ್ಣವನ್ನು ಅರಳಿಸುವಾಗ ಅದು ಕುದಿದು ಸಿಡಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಬಿದ್ದರೆ ಅಪಾಯ.

ಬಾಗಿಲು ಕಿಟಕಿಗಳ ವಿಷಯ

ಗೋಡೆಯ ಲೆಕ್ಕದಲ್ಲಿ ಕಳೆದ ಬಾಗಿಲನ್ನು ಎನಾಮೆಲ್ ಲೆಕ್ಕದಲ್ಲಿ ಕೂಡಿಸಬೇಕು. ಏಳಕ್ಕೆ ಮೂರಡಿಯ ಬಾಗಿಲಿಗೆ ಎರಡು ಮುಖ ಸೇರಿ 42 ಚದರ ಅಡಿ, ಚೌಕಟ್ಟು ಬೇರೆ. ಸರಳುಗಳ ಕಿಟಕಿಯನ್ನು ಹಲಗೆಯೆಂದೇ ಭಾವಿಸಿ ಎರಡು ಮುಖ ಅಳೆದರೆ ಕೊರತೆಯಾಗದು.

ಇಲ್ಲಿ ಹಣಕ್ಕಿಂತ ಮಿಗಿಲಾದ ಎಚ್ಚರಿಕೆಯೊಂದಿದೆ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಭಾರತ ಸರ್ಕಾರವು 2016ರಲ್ಲಿ ನಿಯಮ ರೂಪಿಸಿ, 2017ರ ನವೆಂಬರಿನಿಂದ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂದು ವಿಧಿಸಿತು. ಅದಕ್ಕೆ ಮುಂಚಿನ ಬಣ್ಣದ ಬಾಗಿಲನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ನೀರು ಚಿಮುಕಿಸಿ ಉಜ್ಜಿಸಬೇಕು; ಉಜ್ಜುವವರು ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕು; ಗರ್ಭಿಣಿಯರೂ ಮಕ್ಕಳೂ ಆ ದಿನ ಬೇರೆಡೆ ಇರುವುದು ಕ್ಷೇಮ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕೆಲಸ ಮುಗಿದ ಮೇಲೆ ಕೋಣೆಗಳ ಅಳತೆ, ಬಣ್ಣದ ಹೆಸರು ಮತ್ತು ಸಂಖ್ಯೆ, ಖರ್ಚಾದ ಲೀಟರುಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಗೋಡೆಗಳು ಬೆಳೆಯುವುದಿಲ್ಲ, ಮುಂದಿನ ಸಲ ಅದೇ ಪುಟ ನಿಮಗೆ ನೆರವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೈಗೇ ಟೇಪನ್ನು ಕೊಟ್ಟು ಅಳೆಯಿಸಿದರೆ ಮನೆಗೂ ಉಪಕಾರ, ಅವರ ಗಣಿತಕ್ಕೂ ಉಪಕಾರ.