ವಂಶಾವಳಿ ಇರುವುದು ಯಾಕೆ?

ಉತ್ತರ ಕರ್ನಾಟಕದ ಹೆಳವರು ಊರೂರು ತಿರುಗಿ ಮನೆತನಗಳ ಪೂರ್ವಜರ ಹೆಸರು ಹೇಳುತ್ತಾರೆ. ಇಂಥ ವಂಶಾವಳಿಗೆ ನಮ್ಮ ಮನೆಯ ಉರ್ದುವಿನಲ್ಲಿ ‘ಶಜರಾ’ ಎನ್ನುತ್ತೇವೆ. ಆ ಪದದ ಮೂಲ ಅರ್ಥ ಮರ. ಧರ್ಮಗ್ರಂಥಗಳಲ್ಲೂ ವಂಶಾವಳಿಯ ಮಾತು ಬರುತ್ತದೆ.

ಬೈಬಲಿನ ಮತ್ತಾಯನ ಸುವಾರ್ತೆ ಅಬ್ರಹಾಮನಿಂದ ಯೇಸುವಿನವರೆಗಿನ ತಲೆಮಾರುಗಳನ್ನು ಹದಿನಾಲ್ಕರಂತೆ 3 ಭಾಗ ಮಾಡಿ ಎಣಿಸುತ್ತದೆ. ಮೋವಾಬ್ ನಾಡಿನಿಂದ ಬಂದ ರೂತಳ ಹೆಸರೂ ಅದರಲ್ಲಿದೆ. ಹೊರಗಿನವಳೆಂದು ಬಿಟ್ಟಿಲ್ಲ.

ಕುರ್‌ಆನ್ ಅಂಥ ಉದ್ದ ಪಟ್ಟಿ ಕೊಡುವುದಿಲ್ಲ, ಉದ್ದೇಶ ತಿಳಿಸುತ್ತದೆ. ಜನಾಂಗ, ಗೋತ್ರಗಳಿರುವುದು ಪರಸ್ಪರ ಗುರುತಿಸಲಿಕ್ಕೆ. ಹಿರಿಮೆ ಇರುವುದು ದೇವಭಯದಲ್ಲಿ (49:13). ನನ್ನ ಸಂತತಿಗೂ ನಾಯಕತ್ವವಿದೆಯೇ ಎಂದು ಪ್ರವಾದಿ ಇಬ್ರಾಹೀಮರು (ಅ) ಕೇಳಿದಾಗ, ಅಕ್ರಮಿಗಳಿಗೆ ಆ ವಾಗ್ದಾನ ಸಲ್ಲದು ಎಂಬ ಉತ್ತರ ಬಂತು (2:124). ತಂದೆ ಯಾರೆಂದು ಗೊತ್ತಿಲ್ಲದವರೂ ನಮ್ಮ ಧರ್ಮ ಸಹೋದರರೇ (33:5).

ಆದರೂ ವಿಲ್ಸನ್ ಗಾರ್ಡನ್‌ನ ನಮ್ಮ ಮನೆಗಳಲ್ಲಿ ನಿಕಾಹ್ ಮಾತುಕತೆ ಶುರುವಾಗುವುದೇ ‘ಯಾವ ಖಾನ್‌ದಾನ್?’ ಎಂಬಲ್ಲಿಂದ. ಗುರುತಿಗಾಗಿ ಕೇಳಲಿ, ಬೆಲೆ ಕಟ್ಟಲು ಬೇಡ. ಕಾಮರ್ಸ್‌ನವರಿಗೆ ಇದು ಗೊತ್ತು: ಹಿಂದಿನ ವರ್ಷದ ಶಿಲ್ಕನ್ನು ಹೊಸ ಲೆಡ್ಜರ್‌ಗೆ ತರುತ್ತೇವೆ, ಆದರೆ ಅದನ್ನು ಈ ವರ್ಷದ ಲಾಭವೆಂದು ತೋರಿಸುವಂತಿಲ್ಲ. ಲಾಭವನ್ನು ನಾವೇ ದುಡಿಯಬೇಕು.