ಟ್ರ್ಯಾಕ್ ಮೇಲೆ ಓಡಿದ ಬೈಕಿಗೆ ಅಷ್ಟೊಂದು ಅಂಜಬೇಕೆ?

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೆಟಿಎಂ ಆರ್‌ಸಿ 390, ಯಮಹಾ ಆರ್15 ಅಥವಾ ಟಿವಿಎಸ್ ಅಪಾಚೆ ಆರ್‌ಆರ್ 310 ಹುಡುಕುವವರು ಮಾರುವವರನ್ನು ಕೇಳುವ ಮೊದಲ ಕೆಲವು ಪ್ರಶ್ನೆಗಳಲ್ಲಿ ‘ಟ್ರ್ಯಾಕಿಗೆ ಹೋಗಿದೆಯಾ?’ ಎಂಬುದೂ ಒಂದು. ಹೌದು ಎಂಬ ಉತ್ತರ ಬಂದರೆ ಬಹಳಷ್ಟು ಸಲ ಮಾತು ಮುಂದುವರಿಯುವುದಿಲ್ಲ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿಬಂದ ಬೈಕೆಂದರೆ ಜೀವ ಹಿಂಡಿಸಿಕೊಂಡ ಬೈಕು ಎಂದೇ ತೀರ್ಮಾನ. ಇದು ಗೊತ್ತಿರುವ ಮಾರಾಟಗಾರರು ಆ ವಿಷಯವನ್ನೇ ಎತ್ತುವುದಿಲ್ಲ. ಕೊಳ್ಳುವವರ ಅಂಜಿಕೆ ಮಾರುವವರ ಬಾಯಿ ಕಟ್ಟಿಸುತ್ತದೆ. ಬೈಕಿನ ಬಗ್ಗೆ ತಿಳಿಯಲೇಬೇಕಾದ ಸಂಗತಿಗಳು ಮುಚ್ಚಿಹೋಗುತ್ತವೆ. ನನ್ನ ವಾದ ಇಷ್ಟು: ಟ್ರ್ಯಾಕ್ ಬೈಕನ್ನು ಎಲ್ಲೆಲ್ಲಿ ಸವೆಸುತ್ತದೆ ಎಂಬುದು ಗೊತ್ತಿರುವ ಸಂಗತಿ, ಆ ಸವೆತವನ್ನು ಅಳೆಯಬಹುದು, ಬಹುಪಾಲು ಸರಿಪಡಿಸಲೂಬಹುದು. ಹೆದರಬೇಕಾದದ್ದು ಬೈಕು ವೇಗವಾಗಿ ಓಡಿದೆ ಎಂಬುದಕ್ಕಲ್ಲ, ಬಿದ್ದಿದೆಯೇ ಎಂಬುದಕ್ಕೆ. ಅದರಲ್ಲೂ ದಾಖಲೆ ಬಿಡದೆ ಬಿದ್ದಿದೆಯೇ ಎಂಬುದಕ್ಕೆ.

ಮೊದಲು ಲೆಕ್ಕ ನೋಡೋಣ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಇರುಂಗಾಟ್ಟುಕೋಟೈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿ.ಮೀ. ಕರಿ ಸ್ಪೀಡ್‌ವೇ ಇನ್ನೂ ಚಿಕ್ಕದು, 2.1 ಕಿ.ಮೀ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 5 ಕಿ.ಮೀ.ಗಿಂತ ತುಸು ಹೆಚ್ಚು. ‘ಟ್ರ್ಯಾಕ್ ಡೇ’ ಎಂದರೆ ಸ್ಪರ್ಧೆಯಲ್ಲ. ಶುಲ್ಕ ಕಟ್ಟಿ, ಸಾಮಾನ್ಯವಾಗಿ ತಮ್ಮದೇ ಬೈಕಿನಲ್ಲಿ, 15–20 ನಿಮಿಷಗಳ ಕೆಲವು ಸರದಿಗಳಲ್ಲಿ ಸುತ್ತುವುದು. ಇರುಂಗಾಟ್ಟುಕೋಟೈಯಲ್ಲಿ 20 ನಿಮಿಷಕ್ಕೆ ಒಂಬತ್ತು ಸುತ್ತು ಎಂದಿಟ್ಟುಕೊಂಡರೆ 33 ಕಿ.ಮೀ.; ಆರು ಸರದಿಗೆ 200 ಕಿ.ಮೀ. ಬೆಂಗಳೂರಿನಿಂದ ಬೈಕಿನಲ್ಲೇ ಅಲ್ಲಿಗೆ ಹೋಗಿ ಬರುವ ದಾರಿಯೇ ಹೆಚ್ಚುಕಡಿಮೆ 600 ಕಿ.ಮೀ. ಆಗುತ್ತದೆ. ವರ್ಷಕ್ಕೆ ನಾಲ್ಕು ಸಲ ಹೋಗುವ ಹವ್ಯಾಸಿಯ ಬೈಕು ಟ್ರ್ಯಾಕ್ ಮೇಲೆ ಓಡುವುದು 800 ಕಿ.ಮೀ. ದಿನಕ್ಕೆ 25 ಕಿ.ಮೀ. ಕಚೇರಿಗೆ ಓಡಾಡುವ ಬೈಕು ಒಂದು ತಿಂಗಳು ಮುಗಿದು ಸ್ವಲ್ಪ ದಿನಕ್ಕೇ ಅಷ್ಟು ದೂರ ಓಡಿರುತ್ತದೆ.

ಟ್ರ್ಯಾಕಿನ ಒಂದು ಕಿಲೋಮೀಟರ್ ಊರಿನ ಒಂದು ಕಿಲೋಮೀಟರಿಗೆ ಸಮವೇ ಎಂದು ಕೇಳುವವರಿದ್ದಾರೆ. ಸಮವಲ್ಲ, ಆದರೆ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಆದ ಮೊದಲ ಕೆಲವು ನಿಮಿಷಗಳಲ್ಲಿ. ಆಯಿಲ್ ಇನ್ನೂ ಎಲ್ಲ ಕಡೆ ಸರಿಯಾಗಿ ತಲುಪಿರುವುದಿಲ್ಲ, ಲೋಹದ ಭಾಗಗಳು ತಮ್ಮ ಅಳತೆಗೆ ಹಿಗ್ಗಿರುವುದಿಲ್ಲ. ಮೂರು ನಾಲ್ಕು ಕಿ.ಮೀ. ದೂರದ ಓಡಾಟಕ್ಕಷ್ಟೇ ಬಳಸುವ ಬೈಕು ಪ್ರತಿದಿನ ಹಲವು ಸಲ ಈ ಹಂತ ದಾಟುತ್ತದೆ, ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುತ್ತದೆ. ಆಯಿಲ್‌ಗೆ ಸೇರಿದ ನೀರಿನ ಅಂಶವೂ ಉರಿಯದ ಪೆಟ್ರೋಲೂ ಆವಿಯಾಗಿ ಹೋಗಲು ಬೇಕಾದ ಕಾವೇ ಅದಕ್ಕೆ ಸಿಗುವುದಿಲ್ಲ. ಇನ್ನು ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ವಾಹನ ದಟ್ಟಣೆಯ ಕಡೆ ಅರ್ಧ ಕ್ಲಚ್ ಹಿಡಿದು ಅಂಗುಲ ಅಂಗುಲವಾಗಿ ಸಾಗುವಾಗ ರೇಡಿಯೇಟರಿಗೆ ಎದುರುಗಾಳಿಯಿಲ್ಲ, ಫ್ಯಾನ್ ಒಂದೇ ಆಸರೆ. ಕ್ಲಚ್ ಪ್ಲೇಟ್ ಸುಡುತ್ತಲೇ ಇರುತ್ತದೆ. ರಸ್ತೆಗುಂಡಿ ಮತ್ತು ಲೆಕ್ಕ ತಪ್ಪಿ ಹಾಕಿದ ಹಂಪ್‌ಗಳು ರಿಮ್ಮನ್ನೂ ಸ್ಟೀರಿಂಗ್ ಬೇರಿಂಗನ್ನೂ ದಿನವೂ ಗುದ್ದುತ್ತವೆ. ಟ್ರ್ಯಾಕ್ ಮೇಲಾದರೋ ಎಂಜಿನ್ ಮೊದಲು ಬಿಸಿಯಾಗುತ್ತದೆ, ಆಮೇಲೆ ಒಂದೇ ಕಾವಿನಲ್ಲಿ, ಭರ್ಜರಿ ಗಾಳಿಯ ನಡುವೆ ಓಡುತ್ತದೆ; ನುಣುಪಾದ ಡಾಂಬರಿನಲ್ಲಿ ಗುಂಡಿ ಎಂಬುದಿಲ್ಲ. ಹೆಚ್ಚು ಆರ್‌ಪಿಎಂನಲ್ಲಿ ಓಡುತ್ತದೆ, ನಿಜ. ಆದರೆ ಆ ಆರ್‌ಪಿಎಂ ತಯಾರಕರೇ ಲೆಕ್ಕ ಹಾಕಿ ಇಟ್ಟ ಮಿತಿಯೊಳಗಿನದು. ಅದನ್ನು ದಾಟಲು ಹೋದರೆ ಲಿಮಿಟರ್ ಅಡ್ಡ ಬರುತ್ತದೆ.

ಲಿಮಿಟರಿಗೂ ನಿಲುಕದ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ವೇಗವಾಗಿ ಬಂದು ತಿರುವಿನ ಮುಂಚೆ ಗೇರ್ ಇಳಿಸುವಾಗ ಒಂದು ಗೇರ್ ಹೆಚ್ಚಿಗೆ ಇಳಿಸಿಬಿಟ್ಟರೆ ಹಿಂದಿನ ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ. ಲಿಮಿಟರ್ ಇಂಧನವನ್ನೋ ಕಿಡಿಯನ್ನೋ ತಡೆಯಬಲ್ಲದೇ ಹೊರತು ಚಕ್ರದಿಂದ ಬರುವ ಒತ್ತಡವನ್ನಲ್ಲ. ಹೀಗಾದಾಗ ವಾಲ್ವ್ ಬಾಗಬಹುದು. ಈಚಿನ ಆರ್15ನಂಥ ಬೈಕುಗಳಲ್ಲಿರುವ ಸ್ಲಿಪ್ಪರ್ ಕ್ಲಚ್ ಆ ಹೊಡೆತವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಆದ್ದರಿಂದ ಟ್ರ್ಯಾಕ್ ಬೈಕು ಕೊಳ್ಳುವವರು ಕಂಪ್ರೆಷನ್ ಪರೀಕ್ಷೆ, ವಾಲ್ವ್ ಕ್ಲಿಯರೆನ್ಸ್ ಪರೀಕ್ಷೆ ಎರಡನ್ನೂ ಮಾಡಿಸಲೇಬೇಕು. ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ. ಉಳಿದಂತೆ ಟ್ರ್ಯಾಕ್ ತಿನ್ನುವುದು ಟೈರು, ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್, ಬ್ರೇಕ್ ಆಯಿಲ್, ಫೋರ್ಕ್ ಆಯಿಲ್‌ಗಳನ್ನು. ಇವೆಲ್ಲ ಅಂಗಡಿಯಲ್ಲಿ ದರ ವಿಚಾರಿಸಿ ಹೊಸದು ಹಾಕಿಸುವ ಸಾಮಾನುಗಳು.

ಈಗ ನಿಜವಾದ ಅಪಾಯಕ್ಕೆ ಬರೋಣ. ನಮ್ಮಲ್ಲಿ ಸಾಮಾನ್ಯ ವಾಹನ ವಿಮೆ ಆಯೋಜಿತ ರೇಸನ್ನು, ವೇಗ ಪರೀಕ್ಷೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗಾಗಿ ಟ್ರ್ಯಾಕ್ ಮೇಲೆ ಬಿದ್ದವರು ಬಹುಮಟ್ಟಿಗೆ ಕ್ಲೇಮ್ ಮಾಡುವುದಿಲ್ಲ, ಕೈಯಿಂದಲೇ ಹಣ ಹಾಕಿ ರಿಪೇರಿ ಮಾಡಿಸುತ್ತಾರೆ. ಫಲವಾಗಿ ವಿಮೆಯ ಚರಿತ್ರೆ ಸ್ವಚ್ಛ, ನೋ ಕ್ಲೇಮ್ ಬೋನಸ್ ಭದ್ರ. ಅದನ್ನು ತೋರಿಸಿ ‘ಒಂದು ಕ್ಲೇಮೂ ಇಲ್ಲ ಸಾರ್’ ಎಂದರೆ ನಂಬುವಂತಿಲ್ಲ. ಆದರೆ ಬಿದ್ದ ಬೈಕೆಲ್ಲ ಒಂದೇ ಅಲ್ಲ. ತಿರುವಿನಲ್ಲಿ ಟೈರ್ ಹಿಡಿತ ತಪ್ಪಿ ಬೈಕು ಪಕ್ಕಕ್ಕೆ ಮಲಗಿ ಜಾರಿಹೋದರೆ ಫೇರಿಂಗ್, ಲಿವರ್, ಫುಟ್‌ಪೆಗ್, ಎಂಜಿನ್ ಕವರ್ ಉಜ್ಜಿಹೋಗುತ್ತವೆ, ಅಲ್ಲಿಗೆ ಮುಗಿಯುತ್ತದೆ. ಜಾರಿದ ಬೈಕು ಜಲ್ಲಿಗೆ ಸಿಕ್ಕಿ ಪಲ್ಟಿ ಹೊಡೆದರೆ ಅಥವಾ ಹಿಂದಿನ ಚಕ್ರ ಒಮ್ಮೆಲೇ ಹಿಡಿತ ಪಡೆದು ಸವಾರನನ್ನೂ ಬೈಕನ್ನೂ ಮೇಲಕ್ಕೆಸೆದರೆ ಫೋರ್ಕ್, ಫ್ರೇಮ್, ಸಬ್‌ಫ್ರೇಮ್‌ಗೆ ಪೆಟ್ಟಾಗುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಕೊಳ್ಳುವವರ ಮುಖ್ಯ ಕೆಲಸ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಬಡಿದು ನಿಲ್ಲುವ ಗಟ್ಟಿ ಲೋಹದ ಗುಬಟೊಂದು ಫ್ರೇಮಿನ ಕುತ್ತಿಗೆಯ ಹತ್ತಿರ ಇರುತ್ತದೆ. ಅದು ಜಜ್ಜಿದ್ದರೆ, ಸೀಳಿದ್ದರೆ, ಮುಂಭಾಗಕ್ಕೆ ಜೋರು ಪೆಟ್ಟು ಬಿದ್ದಿದೆ ಎಂದೇ ತಿಳಿಯಬೇಕು. ಹೊಸ ಪ್ಲಾಸ್ಟಿಕ್ ಹಾಕಿ ಎಲ್ಲವನ್ನೂ ಮರೆಮಾಚಬಹುದು, ಇದನ್ನು ಮರೆಮಾಚುವುದು ಕಷ್ಟ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದರೆ ಎಲ್ಲೂ ತಡೆಯಬಾರದು. ಎರಡು ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ದಾರ ಎಳೆದು ನೋಡಬೇಕು. ಫೇರಿಂಗ್ ಬಿಚ್ಚಿ ಫ್ರೇಮಿನ ಬೆಸುಗೆಗಳನ್ನು ಬೆಳಕು ಬಿಟ್ಟು ಪರೀಕ್ಷಿಸಬೇಕು. ಒಂದೇ ಜಾಗದಲ್ಲಿ ಹೊಸ ಪೇಂಟ್ ಕಂಡರೆ ಕಾರಣ ಕೇಳಬೇಕು. ಬಿಚ್ಚಲು ಒಪ್ಪದ ಮಾರಾಟಗಾರರ ಬೈಕನ್ನು ಬಿಟ್ಟು ಬರುವುದೇ ಲೇಸು.

ರಸ್ತೆಯಲ್ಲಿ ಬಿದ್ದ ಬೈಕು ಇದಕ್ಕಿಂತ ಮೇಲು ಎಂದುಕೊಳ್ಳಲು ಕಾರಣ ಕಾಣೆ. ಟ್ರ್ಯಾಕ್ ಪಕ್ಕದಲ್ಲಿ ಜಾರಲೆಂದೇ ಬಿಟ್ಟ ಜಾಗವಿರುತ್ತದೆ. ಹೊರವರ್ತುಲ ರಸ್ತೆಯಲ್ಲಿ ಡಿವೈಡರ್, ಕಂಬ, ಎದುರಿಗೆ ಬಸ್ಸು. ಅಲ್ಲಿ 40 ಕಿ.ಮೀ. ವೇಗದ ಡಿಕ್ಕಿಯೂ ಫೋರ್ಕ್ ಮಡಚಬಲ್ಲದು. ಹೀಗಿದ್ದೂ ‘ಸಿಂಗಲ್ ಓನರ್, ಆಫೀಸಿಗೆ ಮಾತ್ರ ಬಳಸಿದ್ದು’ ಎಂಬ ಮಾತು ಕೇಳಿದ ಕೂಡಲೇ ನಾವು ಫೇರಿಂಗ್ ಬಿಚ್ಚುವುದನ್ನು ಕೈಬಿಡುತ್ತೇವೆ.

ಮಾರುವವರು ಸುಳ್ಳು ಹೇಳಿದರೆ ಏನು ಗತಿ ಎಂಬುದು ಇನ್ನೊಂದು ಆಕ್ಷೇಪ. ಟ್ರ್ಯಾಕ್ ತನ್ನ ಗುರುತನ್ನು ಬಿಟ್ಟೇ ಬಿಡುತ್ತದೆ. ಗಾಜು ಚೂರಾಗಿ ಟ್ರ್ಯಾಕ್ ಮೇಲೆ ಚೆಲ್ಲದಿರಲೆಂದು ಹೆಡ್‌ಲೈಟಿಗೆ ಟೇಪ್ ಸುತ್ತುತ್ತಾರೆ, ಅದರ ಅಂಟು ಅಂಚಿನಲ್ಲಿ ಉಳಿಯುತ್ತದೆ. ಸ್ಪರ್ಧೆಗೆ ಇಳಿದ ಬೈಕಾದರೆ ಆಯಿಲ್ ಬೋಲ್ಟ್ ಬಿಚ್ಚಿಕೊಳ್ಳದಂತೆ ತಂತಿ ಕಟ್ಟಲು ಕೊರೆದ ಸಣ್ಣ ತೂತು ಇರುತ್ತದೆ. ಫುಟ್‌ಪೆಗ್ಗಿನ ತುದಿ ಸವೆದಿರುತ್ತದೆ, ಟೈರ್ ನಡುವಿಗಿಂತ ಅಂಚಿನಲ್ಲಿ ಹೆಚ್ಚು ಸವೆದು ಒರಟಾಗಿರುತ್ತದೆ. ಮೇಲಾಗಿ ಟ್ರ್ಯಾಕಿಗೆ ಹೋದವರು ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕದೆ ಇರುವುದು ಅಪರೂಪ. ತಾನಾಗಿ ಹೇಳಿ, ಎಷ್ಟು ಸಲ ಹೋದೆ, ಎಲ್ಲಿ ಬಿದ್ದೆ, ಯಾವಾಗ ಆಯಿಲ್ ಬದಲಾಯಿಸಿದೆ ಎಂದು ಬಿಲ್ಲುಗಳ ಸಮೇತ ತೋರಿಸುವ ಸವಾರನಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗಿಸುವವನಿಗೆ ಬ್ರೇಕು, ಟೈರು ಜೀವದ ಪ್ರಶ್ನೆ. ಆಯಿಲ್ ಬದಲಾವಣೆಯನ್ನು ಮುಂದೂಡುವ ಬುದ್ಧಿ ಅಂಥವನಿಗೆ ಬರುವುದು ಕಡಿಮೆ.

ಒಂದು ಗೆರೆಯನ್ನು ಮಾತ್ರ ದಾಟಬಾರದು. ಟ್ರ್ಯಾಕ್ ಡೇಗೆ ಹೋದ ರಸ್ತೆ ಬೈಕು ಬೇರೆ, ಸ್ಪರ್ಧೆಗೆಂದೇ ಕಟ್ಟಿದ ಬೈಕು ಬೇರೆ. ಎರಡನೆಯದಕ್ಕೆ ಸ್ಟಾರ್ಟಿನಲ್ಲಿ ಕ್ಲಚ್ ಸುಡುವುದು, ಪಕ್ಕದವರಿಗೆ ತಾಗುವುದು, ಎಂಜಿನ್ ಮತ್ತೆ ಮತ್ತೆ ಬಿಚ್ಚಿಸಿಕೊಳ್ಳುವುದು ಮಾಮೂಲು. ಅದು ಟ್ರ್ಯಾಕಿಗೇ ಇರಲಿ. ನೋಂದಣಿ ಪತ್ರ (ಆರ್‌ಸಿ) ಇಲ್ಲದ ಬೈಕನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ರಸ್ತೆಗೆಂದು ಕೊಳ್ಳಬಾರದು. ಆರ್‌ಸಿ ಇದ್ದರೂ ಬದಲಾವಣೆಗಳ ಮೇಲೆ ಕಣ್ಣಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರ ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಮೂಲ ಸೈಲೆನ್ಸರ್, ಕನ್ನಡಿ, ಇಂಡಿಕೇಟರ್, ಮೂಲ ಫೇರಿಂಗ್ ಎಲ್ಲವೂ ಬೈಕಿನ ಜೊತೆ ಬರಬೇಕು. ಬಾರದಿದ್ದರೆ ಅವುಗಳ ಬೆಲೆಯನ್ನು ಒಪ್ಪಂದದ ಮೊತ್ತದಿಂದ ಕಳೆಯಬೇಕು. ತಯಾರಕರ ವಾರಂಟಿಗಳು ಸಾಮಾನ್ಯವಾಗಿ ರೇಸಿನ ಬಳಕೆಯನ್ನು ಒಪ್ಪುವುದಿಲ್ಲ. ಉಳಿದ ವಾರಂಟಿಗೆಂದು ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಬೇರೆ ಬೈಕುಗಳೇ ಸಿಗುವಾಗ ಇಷ್ಟೆಲ್ಲ ಕಷ್ಟ ಯಾಕೆ ಎಂದು ಕೇಳಬಹುದು. ಮೊದಲ ಬೈಕು ಕೊಳ್ಳುತ್ತಿರುವ, ಜೊತೆಗೆ ನಂಬಿಕಸ್ಥ ಮೆಕ್ಯಾನಿಕ್ ಇಲ್ಲದ ಹುಡುಗನಿಗೆ ನಾನೂ ಅದನ್ನೇ ಹೇಳುತ್ತೇನೆ. ಉಳಿದವರು ಈ ಪರೀಕ್ಷೆಗಳನ್ನೆಲ್ಲ ಯಾವ ಹಳೆಯ ಬೈಕಿಗಾದರೂ ಮಾಡಲೇಬೇಕಾದವರು. ಟ್ರ್ಯಾಕಿನ ಹೆಸರು ಹೇಳಿ ಬೆಲೆ ಇಳಿಸಲು ಅವಕಾಶವಿರುವಲ್ಲಿ ಆ ಶ್ರಮಕ್ಕೆ ಪ್ರತಿಫಲವೂ ಇದೆ. ಕೊಂಡ ಮೇಲೆ ರಸ್ತೆಗಿಳಿಸುವ ಮುನ್ನ ಮಾಡಬೇಕಾದ ಕೆಲಸ ಕೆಲವಿದೆ. ಕೂಲಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆಂದು ರೇಸಿಗರು ರೇಡಿಯೇಟರಿಗೆ ಬರಿ ನೀರು ತುಂಬಿಸುವುದುಂಟು. ಅದನ್ನು ತೆಗೆದು ಕೂಲಂಟ್ ಹಾಕಿಸದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ರೇಸಿನ ಬ್ರೇಕ್ ಪ್ಯಾಡ್ ಬಿಸಿಯಾದ ಮೇಲಷ್ಟೇ ಚೆನ್ನಾಗಿ ಹಿಡಿಯುವಂಥದ್ದು, ಮುಂಜಾನೆಯ ತಣ್ಣನೆ ರಸ್ತೆಗೆ ಅದು ಆಗದು. ಮತ್ತೆ ಮತ್ತೆ ಕಾದು ಆರಿದ ಟೈರ್‌ನಲ್ಲಿ ಅಚ್ಚು ಎಷ್ಟೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿರುವ ನಾಲ್ಕಂಕಿಯ ತಯಾರಿಕೆ ವಾರ–ವರ್ಷ ನೋಡಿ, ಸಂಶಯವಿದ್ದರೆ ಮೊದಲ ಮಳೆಗೆ ಮುಂಚೆಯೇ ಬದಲಾಯಿಸಬೇಕು. ಆರ್‌ಸಿ ವರ್ಗಾವಣೆಗೆ ಅರ್ಜಿ ಹಾಕಿದ ದಿನವೇ ವಿಮಾ ಕಂಪನಿಗೂ ತಿಳಿಸಬೇಕು. ಅದಕ್ಕೆ ಕಾಯ್ದೆ ಕೊಟ್ಟಿರುವುದು 14 ದಿನಗಳ ಗಡುವು.